ಚಹಾದ ಕಟ್ಟು

ಆ ವರ್ಷ ಮಗ್ಗದ ಓಣಿಯ ಶಾಲೆಯಲ್ಲಿ ಮಕ್ಕಳು ಕಿಟಕಿಯ ಹೊರಗೆ ನೋಡುವುದನ್ನೇ ಬಿಟ್ಟಿದ್ದರು. ಹೊರಗೆ ನೋಡಲು ಏನೂ ಇರಲಿಲ್ಲವೆಂದಲ್ಲ. ಎದುರಿನ ಸಾಲುಮನೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕರೆಂಟ್ ಮಗ್ಗಗಳು ಖಟಖಟ ಎನ್ನುತ್ತಿದ್ದವು, ಬಣ್ಣ ಹಾಕಿದ ನೂಲಿನ ಲಡಿಗಳನ್ನು ತಂತಿಯ ಮೇಲೆ ಒಣಗಲು ಹಾಕುತ್ತಿದ್ದರು, ಸಂದಿಯಲ್ಲಿ ನಾಯಿಗಳ ಜಗಳ ಎಂದಿನಂತೆ ನಡೆದೇ ಇತ್ತು. ಆದರೆ ಮಕ್ಕಳ ಕಣ್ಣೆಲ್ಲ ಡೆಸ್ಕಿನ ಅಂಚಿನಲ್ಲಿ ಕೂತ ಕಡಲೆಕಾಳಿನಷ್ಟು ದೀಪದ ಮೇಲೆ. ಒಂದು ಸಾಲು ಬರೆಯುವುದು, ದೀಪ ನೋಡುವುದು. ಹೊಡೆದುಹಾಕುವುದು, ಮತ್ತೆ ದೀಪ ನೋಡುವುದು. ಡೆಸ್ಕಿನ ಕೆಳಗೆ ಕಾಲುಗಳು ಒಂದೇ ಸಮನೆ ಅಲುಗುತ್ತಿದ್ದವು.

ಯಂತ್ರದ ಹೆಸರು ಒರೆಗಲ್ಲು. ತರಗತಿಯ ಚಾವಣಿಗೆ ಒಂದು ಕ್ಯಾಮೆರಾ ಕಣ್ಣು, ಡೆಸ್ಕಿಗೊಂದು ದೀಪ, ಇದರ ಮಿದುಳು ಮಾತ್ರ ದೂರದ ಜಿಲ್ಲಾ ಊರಿನ ಮಾಪನ ಕೇಂದ್ರದಲ್ಲಿ. ಮಗು ಬರೆಯುತ್ತಿದ್ದಂತೆಯೇ ಅದು ಓದುತ್ತದೆ, ರೂಬ್ರಿಕ್ಕಿಗೆ, ಅಂದರೆ ಹಂತ ಗೊತ್ತುಮಾಡುವ ಪಟ್ಟಿಗೆ, ಹೋಲಿಸುತ್ತದೆ, ಬಣ್ಣ ತೋರಿಸುತ್ತದೆ. ತೀರ ಕೆಳಗಿನ ಹಂತಕ್ಕೆ ಕೆಂಪು, ಅದರ ಮೇಲೆ ಹಳದಿ, ನೀಲಿ, ಎಲ್ಲಕ್ಕೂ ಮೇಲೆ ಹಸಿರು.

ರೂಬ್ರಿಕ್ಕೇನೂ ದಾಕ್ಷಾಯಣಿ ಟೀಚರಿಗೆ ಹೊಸದಲ್ಲ. ಒರೆಗಲ್ಲು ಬರುವ ಮುಂಚೆ ಅದು ಗೋಡೆಗೆ ಅಂಟಿಸಿದ ಒಂದು ಹಾಳೆಯಾಗಿತ್ತು. ಒಂದು ಬದಿಗೆ ಪ್ರಶ್ನೆ, ವಿಧಾನ, ಪುರಾವೆ, ತೀರ್ಮಾನ. ಇನ್ನೊಂದು ಬದಿಗೆ ನಾಲ್ಕು ಹಂತ. ನಡುವಿನ ಮನೆಗಳಲ್ಲಿ ಯಾವ ಹಂತದ ಕೆಲಸ ಹೇಗಿರುತ್ತದೆ ಎಂಬ ಎರಡು ಮಾತು. ಆಕೆಗೆ ಅದು ಬಹಳ ಹಿಡಿಸಿತ್ತು. ಯಾರ ಮಗ, ಯಾರ ಮಗಳು, ಅಕ್ಷರ ದುಂಡಗಿದೆಯೋ ಸೊಟ್ಟಗಿದೆಯೋ ಎಂದು ನೋಡಿ ಅಂಕ ಹಾಕುತ್ತಿದ್ದ ಕಾಲವನ್ನು ಆಕೆ ಕಂಡವಳು. ಏನು ಮಾಡಿದರೆ ಏನು ಸಿಗುತ್ತದೆಂದು ಮಕ್ಕಳಿಗೆ ಮೊದಲೇ ತಿಳಿದಿರುವುದು ನ್ಯಾಯ ಅಂತಲೇ ಆಕೆಯ ನಂಬಿಕೆ. ಆ ನಂಬಿಕೆ ಈಗಲೂ ಇತ್ತು. ಆದರೂ ಈಚೆಗೆ ತರಗತಿಗೆ ಬಂದು ನಿಂತರೆ ಒಂದೇ ಪ್ರಶ್ನೆ ಏಳುತ್ತಿತ್ತು. ತಾನು ಮಕ್ಕಳು ಬರೆದದ್ದನ್ನು ಓದಿ ಎಷ್ಟು ದಿನವಾಯಿತು? ಕೂತಲ್ಲಿಂದ ಬಣ್ಣ ನೋಡುತ್ತಾಳೆ, ಅಷ್ಟೇ.

ಆಕೆಯ ಮೇಜಿಗೂ ಒಂದು ದೀಪವಿತ್ತು. ಒರೆಗಲ್ಲು ಹೇಳಿದ್ದಕ್ಕೆ ಟೀಚರು ಎಷ್ಟು ಸಲ ಹೂಂಗುಟ್ಟಿದರು, ಎಷ್ಟು ಸಲ ಬೇಡವೆಂದರು ಎಂಬುದರ ಮೇಲೆ ಅದರ ಬಣ್ಣ. ಅದಕ್ಕೆ ಹೊಂದಿಕೆ ದೀಪ ಎನ್ನುತ್ತಿದ್ದರು. ದಾಕ್ಷಾಯಣಿಯದು ಯಾವಾಗಲೂ ಹಸಿರು.

ಆ ತರಗತಿಯಲ್ಲಿ ಕೆಂಪು ದೀಪ ಒಂದೇ. ಕಿಟಕಿಯ ಪಕ್ಕ ಕೂರುವ ಬನಶ್ರೀಯದು. ನೇಕಾರರ ಕಸ್ತೂರೆವ್ವನ ಮಗಳು. ಎಂಟನೆಯ ತರಗತಿಯಲ್ಲಿ ಮೂರು ಕೆಲಸಗಳಿಗೆ ಕೆಂಪು ಬಿದ್ದರೆ ಆ ಮಗುವನ್ನು ವಿಜ್ಞಾನದಿಂದ ತೆಗೆದು ಬೇರೆ ಊರಿನ ಕಸುಬು ಶಾಲೆಗೆ ಕಳಿಸಬೇಕೆಂದು ಒರೆಗಲ್ಲಿನ ಜೊತೆಗೇ ನಿಯಮ ಬಂದಿತ್ತು. ಬನಶ್ರೀಗೆ ಎರಡು ಬಿದ್ದಾಗಿತ್ತು. ಮೂರನೆಯದು ಈಗ ಬರೆಯುತ್ತಿರುವ ಪ್ರಾಜೆಕ್ಟು. ಗೊತ್ತುಮಾಡಿದ ದಿನ ಅದನ್ನು ಒಪ್ಪಿಸಬೇಕು, ಒಪ್ಪಿಸುವಾಗ ದೀಪ ಯಾವ ಬಣ್ಣದಲ್ಲಿದ್ದರೆ ಅದೇ ಖಾಯಂ.

"ಬನಶ್ರೀ, ತುಗೊಂಡ ಬಾ ಇಲ್ಲಿ."

ಹುಡುಗಿ ಹಾಳೆಗಳನ್ನು ಎದೆಗೆ ಒತ್ತಿಕೊಂಡು ಬಂದಳು. ದಾಕ್ಷಾಯಣಿ ಮೊದಲಿನದ್ದೆಲ್ಲ ಬಿಟ್ಟು ನೇರ ಕೊನೆಯ ಹಾಳೆಗೇ ಹೋದಳು. ಎಲ್ಲರೂ ಈಗ ಹಾಗೆಯೇ ಮಾಡುತ್ತಿದ್ದರು.

"ತೀರ್ಮಾನ ಎಲ್ಲೈತಿ?"

"ಕೊನೀಗೆ ಬರದೀನಲ್ರಿ ಅಕ್ಕೋರ."

"ಇದು ಪ್ರಶ್ನಿ ಆತು. 'ಹಾಗಾದರೆ ಮಳೆ ಬಂದ ದಿನ ಮಗ್ಗ ಯಾಕೆ ಹೆಚ್ಚು ನಿಂತವು?' ಅಂತ ಬರದೀ. ತೀರ್ಮಾನದ ಜಾಗಾದಾಗ ಪ್ರಶ್ನಿ ಇಟ್ರ ದೀಪ ಏನ್ ಮಾಡಬೇಕು?"

"ದೀಪ ಏನರ ಮಾಡ್ಲಿ ರಿ. ಮಗ್ಗ ನಿಂತಿದ್ದು ಖರೇ ಐತಲ್ರಿ."

ಬನಶ್ರೀಯ ಪ್ರಾಜೆಕ್ಟು ಇಷ್ಟು. ಹತ್ತಿಯ ನೂಲಿಗೆ ಗಾಳಿಯಲ್ಲಿ ತೇವ ಬೇಕು. ಒಣಗಾಳಿಗೆ ನೂಲು ಪೆಡಸಾಗಿ ಪಟ್ಟನೆ ಹರಿಯುತ್ತದೆ, ಹರಿದರೆ ಮಗ್ಗ ನಿಲ್ಲುತ್ತದೆ. ಅದಕ್ಕೇ ಓಣಿಯ ಹೆಂಗಸರು ಬೇಸಿಗೆಯಲ್ಲಿ ಮಗ್ಗದ ಮನೆಯೊಳಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ಹಾಗಿದ್ದ ಮೇಲೆ ಬರೀ ಕಿವಿಗೊಟ್ಟು ಕೂತು, ಮಗ್ಗ ಎಷ್ಟು ಸಲ ನಿಂತಿತೆಂದು ಕೇಳಿ, ಗಾಳಿ ಎಷ್ಟು ಒಣಗಿದೆಯೆಂದು ಹೇಳಬಹುದೇ? ಹುಡುಗಿ ಬಾಗಿಲ ಕಟ್ಟೆಯ ಮೇಲೆ ಕೂತು, ಮಗ್ಗ ನಿಂತಾಗೊಮ್ಮೆ ಗೋಡೆಗೆ ಇದ್ದಿಲಿನಿಂದ ಗೀಟು ಎಳೆದಿದ್ದಳು. ಬಿಸಿಲಿನ ದಿನ ಗೀಟು ಹೆಚ್ಚು, ಗೋಣಿತಾಟು ತೋಯಿಸಿದ ದಿನ ಕಡಿಮೆ. ಎಲ್ಲ ಸರಿಯಾಗಿ ಬರುತ್ತಿತ್ತು. ಅಷ್ಟರಲ್ಲಿ ಒಂದು ಅಕಾಲದ ಮಳೆ ಬಂತು. ಗಾಳಿಯೆಲ್ಲ ಹಸಿ. ಆ ದಿನ ಗೋಡೆಯ ತುಂಬ ಗೀಟು.

"ನೋಡ ಬನಶ್ರೀ," ದಾಕ್ಷಾಯಣಿ ದನಿ ತಗ್ಗಿಸಿದಳು. "ಮಳಿ ದಿನದ್ದು ಬಿಟ್ಟಬಿಡು. 'ಇದರಿಂದ ನನ್ನ ಊಹೆ ಸರಿಯೆಂದು ತಿಳಿಯಿತು' ಅಂತ ಒಂದ ಸಾಲು ಬರಿ. ದೀಪ ನೀಲಿ ಆಗ್ತೈತಿ."

"ಸರಿ ಅಂತ ತಿಳಿದಿಲ್ಲಲ್ರಿ."

"ಅಕ್ಕೋರ, ನನ್ನ ತೀರ್ಮಾನ ಕೊಡ್ತೀನ್ರಿ ಆಕೀಗೆ," ಹಿಂದಿನಿಂದ ಗುರುಪಾದ ಎಂಬ ಹುಡುಗ ಕೂಗಿದ. "ನನ್ನ ಹತ್ರ ಎರಡ ಅದಾವು."

ತರಗತಿ ನಕ್ಕಿತು, ಮರುಕ್ಷಣ ದೀಪಗಳತ್ತ ಬಾಗಿತು. ಗುರುಪಾದನ ಪ್ರಾಜೆಕ್ಟು ಕತ್ತಲಲ್ಲಿ ಕಾಳು ಮೊಳೆಯುವುದರ ಮೇಲೆ. ಕಾಳನ್ನು ಅವನಿನ್ನೂ ನೆನೆಹಾಕಿರಲಿಲ್ಲ, ದೀಪ ಆಗಲೇ ಹಸಿರಾಗಿತ್ತು.

ಬನಶ್ರೀ ನಗಲೂ ಇಲ್ಲ, ಅಳಲೂ ಇಲ್ಲ. ಹಾಳೆ ತೆಗೆದುಕೊಂಡು ಜಾಗಕ್ಕೆ ಹೋಗಿ ಕೂತಳು. ಅವಳ ಮುಂದಿನ ಕೆಂಪು ದೀಪ ದಾಕ್ಷಾಯಣಿಯ ಕಣ್ಣಿಗೆ ಇಡೀ ದಿನ ಚುಚ್ಚುತ್ತಲೇ ಇತ್ತು.

ಮನೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ಗಂಡ ವಿಶ್ವನಾಥ ಅವಲಕ್ಕಿ ಕಲಸಿ ಮಗಳ ಮುಂದೆ ಇಟ್ಟಿದ್ದ. ಅವನಿಗೆ ಊರಿನ ಕರೆಂಟ್ ಆಫೀಸಿನಲ್ಲಿ ಕೆಲಸ. ಆ ಅಕಾಲದ ಮಳೆಯಲ್ಲಿ ಕಂಬದಿಂದ ಕಂಬಕ್ಕೆ ಓಡಾಡಿ ಹಿಡಿಸಿಕೊಂಡ ನೆಗಡಿ ಇನ್ನೂ ಬಿಟ್ಟಿರಲಿಲ್ಲ. ಮಗಳು ತನುಜಾ ಆರನೆಯ ತರಗತಿ. ಒಂದು ತುತ್ತು ಬಾಯಿಗಿಟ್ಟು ತಲೆ ವಾಲಿಸಿ ಯೋಚಿಸಿದಳು.

"ರುಚಿ ನೀಲಿ. ಒಗ್ಗರಣಿ ಹಳದಿ. ಬಡಿಸೂ ವಿಧಾನ ಕೆಂಪು."

"ಯಾಕವಾ ಕೆಂಪು?" ವಿಶ್ವನಾಥ ಕೇಳಿದ.

"ಸೀನಕೋತ ಬಡಿಸಿದಿ."

"ಹಂಗಾರ ನಿಮ್ಮವ್ವನ ಮಾರಿಗೆ ಇವತ್ತ ಯಾವ ಬಣ್ಣ ಹೇಳು ನೋಡೂಣು."

ತನುಜಾ ತಾಯಿಯ ಮುಖ ನೋಡಿ ತಟ್ಟೆಗೆ ತಲೆ ಬಗ್ಗಿಸಿದಳು. ದಾಕ್ಷಾಯಣಿ ಕೈಚೀಲ ಗೂಟಕ್ಕೆ ಹಾಕಿ ಕೂತಳು, ಎದ್ದಳು, ನೀರು ಕುಡಿದಳು, ಮತ್ತೆ ಕೂತಳು.

"ನಿನ್ನ ನೆಗಡಿಗೆ ಶುಂಠಿ ಕುದಸಲೇನು?"

"ಕುದಸು. ಆ ದಿನ ಸಾಕಾಗಿ ಹೋತ ನೋಡ. ಇಡೀ ಮಧ್ಯಾಹ್ನ ಲೈನ್ ಹೋಗೂದು, ಬರೂದು, ಹೋಗೂದು, ಬರೂದು. ಮ್ಯಾಲ ಹತ್ತಿದವ ಇಳಿಯಾಕಿಲ್ಲ."

ಆಕೆ ಅದನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಳು. ಗೋಡೆಯ ಬದಿಗೆ ತನುಜಾಳ ಬಣ್ಣದ ಪೆಟ್ಟಿಗೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಮೊದಲು ಈ ಹುಡುಗಿ ಕೈಗೆ ಸಿಕ್ಕಿದ ಕಾಗದದ ಮೇಲೆಲ್ಲ ಚಿತ್ರ ಬಿಡಿಸುತ್ತಿದ್ದಳು, ಹಾಲಿನವನ ಚೀಟಿಯನ್ನೂ ಬಿಡುತ್ತಿರಲಿಲ್ಲ.

"ಯಾಕ ತನು, ಚಿತ್ರ ತಗಿಯೂದ ಬಿಟ್ಟಿ?"

"ಮನ್ಯಾಗ ದೀಪ ಇಲ್ಲಲ್ಲ ಅವ್ವಾ. ಚಲೋ ಆಗೈತೋ ಇಲ್ಲೋ ಹೆಂಗ ಗೊತ್ತಾಗಬೇಕು?"

ಹುಡುಗಿ ಅದನ್ನು ಮಾಮೂಲಿಯಾಗಿ ಹೇಳಿ ಅವಲಕ್ಕಿ ತಿನ್ನತೊಡಗಿದಳು. ಒಲೆಯ ಮೇಲೆ ಶುಂಠಿ ಉಕ್ಕಿ ಚೆಲ್ಲಿದ್ದು ದಾಕ್ಷಾಯಣಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ರಜೆ ಹಾಕಿ ಆಕೆ ಮಾಪನ ಕೇಂದ್ರದ ಬಸ್ಸು ಹತ್ತಿದಳು. ಬೇಡವೆನ್ನುವ ಗುಂಡಿಯನ್ನು ಶಾಲೆಯಲ್ಲೇ ಒತ್ತಬಹುದಿತ್ತು. ಆದರೆ ಅದನ್ನು ಒತ್ತಿದರೆ ಹೊಂದಿಕೆ ದೀಪ ಒಂದು ಮೆಟ್ಟಿಲು ಇಳಿಯುತ್ತದೆಯೇ ಹೊರತು ಮಗುವಿನ ಬಣ್ಣ ಬದಲಾಗುವುದಿಲ್ಲ. ಒರೆಗಲ್ಲು ಅದೇ ಹಾಳೆಯನ್ನು ಇನ್ನೊಮ್ಮೆ ಓದಿ ಅದೇ ಮಾತು ಹೇಳುತ್ತದೆ.

ಕೇಂದ್ರದ ದೊಡ್ಡ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಚುಕ್ಕೆ. ಒಂದೊಂದು ಚುಕ್ಕೆಯೂ ಎಲ್ಲೋ ಒಂದು ಡೆಸ್ಕಿನಲ್ಲಿ ಕೂತ ಒಂದು ಮಗು. ಹಸಿರು, ನೀಲಿ, ಹಸಿರು, ಹಸಿರು. ನೋಡುತ್ತ ನಿಂತರೆ ಜೋಳದ ಹೊಲಕ್ಕೆ ಗಾಳಿ ಬೀಸಿದಂತೆ ಬಣ್ಣ ಆಚೀಚೆ ಓಡಾಡುತ್ತಿತ್ತು. ಅದರ ಮುಂದೆ ಕೂತಿದ್ದವನು ಇರ್ಫಾನ್ ಮುಲ್ಲಾ ಎಂಬ ತರುಣ ಇಂಜಿನಿಯರು. ವಿಜಯಪುರದ ಕಡೆಯವನು. ಮಾತಾಡುವಾಗಲೂ ಅವನ ಹೆಬ್ಬೆರಳು ಮೇಜಿನ ಮೇಲೆ ಕುಟ್ಟುತ್ತಲೇ ಇರುತ್ತಿತ್ತು.

"ಜಿಲ್ಲಾ ಪೂರಾ ಹಸಿರಾಗೈತ್ರಿ ಮೇಡಂ," ಎಂದ. ಆ ಮಾತಿನಲ್ಲಿ ಹೆಮ್ಮೆಗಿಂತ ಅಂಜಿಕೆ ಹೆಚ್ಚಿತ್ತು. "ಹೋದ ವರ್ಷ ಅರ್ಧ ಸೈತ ಇರಲಿಲ್ಲ. ಹುಡುಗರು ಇಷ್ಟ ಲಗೂ ಶಾಣ್ಯಾ ಆಗ್ತಾರೇನ್ರಿ?"

"ನೀವ ಹೇಳ್ರಿ. ಯಂತ್ರ ನಿಮ್ಮದು."

"ಯಂತ್ರ ನಂದಾದ್ರೂ ಕಲಿಸಿದವರು ನೀವರಿ."

ಅದು ನಿಜ. ಒರೆಗಲ್ಲಿಗೆ ಬಣ್ಣ ಕಲಿಸಲು ಜಿಲ್ಲೆಯ ಶಿಕ್ಷಕರನ್ನು ಕರೆಸಿ, ಮಕ್ಕಳ ಹಳೆಯ ಕೆಲಸಗಳನ್ನು ಪರದೆಯ ಮೇಲೆ ತೋರಿಸಿ, ರೂಬ್ರಿಕ್ ಪ್ರಕಾರ ಹಂತ ಕೊಡಿಸಿದ್ದರು. ದಾಕ್ಷಾಯಣಿಯೂ ಬಂದು ಕೂತು ಕೊಟ್ಟು ಹೋಗಿದ್ದಳು.

ಬನಶ್ರೀಯ ಹಾಳೆಗಳನ್ನು ಪರದೆಗೆ ತಂದು ಆಕೆ ಕೇಳಿದಳು, "ಇಂಥಾದ್ದೊಂದು ಕೆಲಸ ನೀವು ಕಲಿಸಿದ್ದರಾಗ ಐತೇನು ಹುಡುಕ್ರಿ. ಊಹೆ ಸುಳ್ಳಾತು ಅಂತ ಮಗೂನ ಬರದಿದ್ದು. ಪ್ರಶ್ನಿ ಮ್ಯಾಲ ಮುಗಿದಿದ್ದು."

ಇರ್ಫಾನ್ ಹುಡುಕಿದ. ಬೇರೆ ಥರ ಹುಡುಕಿದ. ಒಂದೂ ಸಿಗಲಿಲ್ಲ.

"ಅದಕ್ಕ ಕೆಂಪು ಬಿದ್ದೈತ್ರಿ," ಎಂದ ನಿಧಾನಕ್ಕೆ. "ಒರೆಗಲ್ಲು ನಾಕರಾಗ ಒಂದು ಹಂತ ಹೇಳಲೇಬೇಕು. ಗುರುತಿನ ಕೆಲಸ ಆದ್ರ ಸರಿಯಾದ ಮನ್ಯಾಗ ಇಡತೈತಿ. ಗುರುತ ಇಲ್ಲಂದ್ರ? ನಿಮ್ಮ ರೂಬ್ರಿಕ್‌ನಾಗ ಕೆಳಗಿನ ಹಂತಕ್ಕ ಏನ್ ಬರದೀರಿ ನೋಡ್ರಿ: 'ಮೇಲಿನ ಯಾವ ಲಕ್ಷಣವೂ ಕಾಣದಿದ್ದಲ್ಲಿ.' ತನಗ ಕಾಣಲಿಲ್ಲ ಅಂದ್ರ ಅದು ಕೆಂಪು ಅಂತೈತಿ."

"ತಿಳೀದ್ದಕ್ಕೆಲ್ಲ ಕೆಂಪು."

"ಹೌದ್ರಿ."

"ಮತ್ತ ಇಂಥಾವು ಯಾಕ ಒಂದೂ ಇಲ್ಲ? ನಾ ಕಣ್ಣಾರೆ ಕಂಡೀನಿ. ವರ್ಷಕ್ಕ ನಾಕಾದರೂ ಬರತಿದ್ದುವು."

"ಇದ್ದುವ್ರಿ. ತಗದೀವಿ." ಹೆಬ್ಬೆರಳು ಕುಟ್ಟುವುದು ನಿಂತಿತು. "ಒಂದೊಂದು ಕೆಲಸಾನ ಇಬ್ಬಿಬ್ಬರಿಗೆ ತೋರಿಸಿದ್ವಿ. ಇಬ್ಬರೂ ಒಂದ ಬಣ್ಣ ಕೊಟ್ರ ಇಟಗೊಂಡ್ವಿ. ಒಬ್ಬರು ಹಸಿರು, ಒಬ್ಬರು ಕೆಂಪು ಅಂದ್ರ ಪಕ್ಕಕ್ಕ ಇಟ್ವಿ. ಗುರುಗಳಿಗೇ ಒಮ್ಮತ ಇಲ್ಲದ್ದನ್ನ ಯಂತ್ರಕ್ಕ ಕಲಿಸಿದ್ರ ಅದರ ತಲಿ ಕೆಡತೈತ್ರಿ. ಎಲ್ಲಾ ಕಡೆ ಹಿಂಗ ಮಾಡತಾರ."

ದಾಕ್ಷಾಯಣಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ಚಹಾದ ಕಟ್ಟು," ಎಂದಳು.

"ಏನಂದ್ರಿ?"

ಹೇಳಬೇಕಾಯಿತು. ಕೈಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ದಿನಗಳಲ್ಲಿ ಮೌಲ್ಯಮಾಪನ ಶಿಬಿರದ ದೊಡ್ಡ ಕೋಣೆಯ ಮೂಲೆಗೆ ಚಹಾದ ಕಿಟಲಿ ಇಡುತ್ತಿದ್ದರು. ಅದರ ಪಕ್ಕ ಒಂದು ಕೆಂಪು ಅರಿವೆಯ ತುಂಡು. ತಿದ್ದುವಾಗ ಪಕ್ಕದವರಿಗೆ ತೋರಿಸಿದ ಉತ್ತರಕ್ಕೆ ಒಬ್ಬರು ಸೊನ್ನೆ, ಒಬ್ಬರು ಪೂರ್ತಿ ಅಂಕ ಎಂದರೆ, ಆ ಪತ್ರಿಕೆ ಅರಿವೆಯೊಳಗೆ ಹೋಗುತ್ತಿತ್ತು. ಚಹಾದ ಹೊತ್ತಿಗೆ ಕಟ್ಟು ಬಿಚ್ಚುವುದು, ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಜಗಳಾಡುವುದು. ಸುಮ್ಮನೆ ಜಗಳವಲ್ಲ. ಕಪ್ಪು-ಬಸಿ ಕೆಳಗಿಟ್ಟು, ಎದ್ದು ನಿಂತು ಕೈ ತಿರುವುವ ಜಗಳ. ಮಧ್ಯಾಹ್ನ ನೆರಳು ಯಾಕೆ ಗಿಡ್ಡ ಎಂಬ ಪ್ರಶ್ನೆಗೆ ಒಂದು ಮಗು ಅಕ್ಷರವನ್ನೇ ಬರೆಯದೆ, ಕೊಡ ಹೊತ್ತ ತಾಯಿಯನ್ನು ಮೂರು ಹೊತ್ತಿನಲ್ಲಿ ಮೂರು ನೆರಳಿನೊಡನೆ ಬಿಡಿಸಿತ್ತು. ಆ ಒಂದು ಚಿತ್ರಕ್ಕಾಗಿ ಇಬ್ಬರು ಮಾಸ್ತರರು ಶಿಬಿರ ಮುಗಿಯುವವರೆಗೆ ಮಾತು ಬಿಟ್ಟಿದ್ದರು. ಏನೇ ಆಗಲಿ, ಆ ಪತ್ರಿಕೆಯನ್ನು ಎಲ್ಲರೂ ಓದಿರುತ್ತಿದ್ದರು.

"ನಿಮ್ಮಲ್ಲಿ ಬಂದಾಗ ಚಹಾ ನಮ್ಮ ನಮ್ಮ ಕುರ್ಚಿಗೇ ಬಂತು," ಎಂದಳು ದಾಕ್ಷಾಯಣಿ. "ಭಾಳ ಮರ್ಯಾದಿ ಮಾಡ್ತಾರ ಅಂದಕೊಂಡ್ವಿ. ಕಟ್ಟು ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ."

ಇರ್ಫಾನ್ ಪರದೆಯ ಒಳಗೊಳಗೆ ಹೋಗಿ ಏನೋ ತೆರೆದ. ಒಮ್ಮತವಿಲ್ಲದ ಕೆಲಸಗಳನ್ನು ಪಕ್ಕಕ್ಕೆ ಇಟ್ಟಿದ್ದರೇ ಹೊರತು ಅಳಿಸಿರಲಿಲ್ಲ. ಒಂದೊಂದೇ ಕೆಲಸ ಮೇಲೆ ಬರತೊಡಗಿತು. ತನ್ನ ಪ್ರಯೋಗ ಕೆಟ್ಟದ್ದು ಯಾಕೆಂದು ಮಾತ್ರ ಬರೆದು ಪ್ರಯೋಗವನ್ನೇ ಬರೆಯದ ಹುಡುಗ. ಅಜ್ಜಿ ಹೇಳಿದ್ದು ಸುಳ್ಳು ಅಂತ ತೋರಿಸಹೋಗಿ, ಕೊನೆಗೆ ಅಜ್ಜಿಯದೂ ತನ್ನದೂ ಅರ್ಧರ್ಧ ಸರಿ ಎಂದ ಹುಡುಗಿ. ಇಬ್ಬರೂ ಓದುತ್ತ ಹೋದರು. ಒಂದಕ್ಕೆ ಇರ್ಫಾನ್ ಜೋರಾಗಿ ನಕ್ಕ.

"ಇದಕ್ಕ ನಾನಾದ್ರೂ ಕೆಂಪ ಕೊಡ್ತಿದ್ದೆ ರಿ."

"ಯಾಕ? ಏನ್ ತಪ್ಪೈತಿ?"

"ಅಳತೀನ ಇಲ್ಲಲ್ರಿ ಮೇಡಂ. ಬರೇ ಕಥಿ."

"ಕಥೀ ಒಳಗ ಅಳತಿ ಐತಿ, ಕಣ್ಣ ಬಿಟ್ಟ ಓದ್ರಿ. 'ಎಮ್ಮೆ ಒಮ್ಮೆ ಸುತ್ತು ಹಾಕಿ ಬರುವಷ್ಟರಲ್ಲಿ' ಅಂತ ಬರದಾನ. ಎಮ್ಮಿ ಅವನ ಗಡಿಯಾರ."

"ಎಮ್ಮಿ ಒಂದೊಂದ ದಿನ ಒಂದೊಂದ ಥರ ನಡೀತೈತ್ರಿ."

"ಹೌದಲ್ಲ, ಅದನ್ನ ಆ ಹುಡುಗಗ ಹೇಳಬೇಕಾಗಿತ್ತು. ಯಾರ ಹೇಳಿದ್ರು?"

ಚಹಾ ತಂದವನು ಎರಡು ಕಪ್ಪು ನಡುವೆ ಇಟ್ಟು, ಇವರು ಯಾವುದೋ ಆಸ್ತಿಯ ಜಗಳ ಆಡುತ್ತಿದ್ದಾರೆಂದು ತಿಳಿದು ಬೇಗನೆ ಹೊರಗೆ ಹೋದ. ಇರ್ಫಾನ್ ಕಪ್ಪು ಕೈಗೆತ್ತಿಕೊಂಡು ಅದನ್ನೇ ನೋಡುತ್ತ ಕೂತ.

"ಇವಕ್ಕ ಯಾವ ಹಂತ ಅಂತ ಒರೆಗಲ್ಲಿಗೆ ಕಲಿಸಾಕ ಬರೂದಿಲ್ಲ ರಿ."

"ಹಂತ ಕಲಿಸಬ್ಯಾಡ್ರಿ. ಇಂಥಾದ್ದು ಬಂದ್ರ ಸುಮ್ಮನಿರೂದನ್ನ ಕಲಿಸ್ರಿ."

ಅವನ ಹೆಬ್ಬೆರಳು ಮತ್ತೆ ಕುಟ್ಟತೊಡಗಿತು, ಈ ಸಲ ಬೇರೆ ಲಯದಲ್ಲಿ. ಯಂತ್ರಕ್ಕೆ ಐದನೆಯ ಬಣ್ಣ ಬೇಕಿಲ್ಲ, ಎಂದ. ಜನ ಜಗಳಾಡಿದ ಕೆಲಸಗಳ ಗುರುತು ಒಂದನ್ನೇ ಅದಕ್ಕೆ ಕೊಟ್ಟರೆ, ಅಂಥದ್ದು ಕಂಡಾಗ ದೀಪ ಆರಿಸಿ ಶಿಕ್ಷಕರ ಕಡೆ ಕೈ ತೋರಿಸಬಹುದು. ಇದ್ದ ಕಟ್ಟು ಅದಕ್ಕೆ ಸಾಕು.

ಇಬ್ಬರೂ ಹೋಗಿ ಕೇಳಿದಾಗ ಕೇಂದ್ರದ ನಿರ್ದೇಶಕರು ಒಪ್ಪಿದರು, ಆದರೆ ಕಟ್ಟಳೆ ಹಾಕಿದರು. ಒಂದೇ ಶಾಲೆ, ಒಂದೇ ಪ್ರಾಜೆಕ್ಟು. ದೀಪ ಆರಿದ ದಿನವೇ ಮೂವರು ಶಿಕ್ಷಕರು ಒಟ್ಟಿಗೆ ಕೂತು ಓದಬೇಕು. ಒಮ್ಮತಕ್ಕೆ ಬರದಿದ್ದರೆ ಆ ಕೆಲಸಕ್ಕೆ ಯಾವ ಬಣ್ಣವೂ ಇಲ್ಲ. ಆದರೆ ಅವರು ಕೂರದೇ ಹೋದರೆ ದೀಪ ತನ್ನ ಹಳೆಯ ಬಣ್ಣಕ್ಕೇ ಬರುತ್ತದೆ. ಅಂದರೆ ಬನಶ್ರೀ ಕಸುಬು ಶಾಲೆಗೆ.

ಒಪ್ಪಿಸುವ ದಿನದವರೆಗೆ ದಾಕ್ಷಾಯಣಿ ಕೂತಲ್ಲಿ ಕೂರಲಿಲ್ಲ. ಮೂವರು ಎಂದರೆ ತಾನು, ಹೆಡ್‌ಮಾಸ್ತರ್ ಅಂಗಡಿಯವರು, ಗಣಿತದ ಜಂಬಗಿ ಸರ್. ಅಂಗಡಿಯವರು ಹೂಂ ಅನ್ನುತ್ತಾರೆ, ಆಮೇಲೆ ಮರೆಯುತ್ತಾರೆ. ಜಂಬಗಿಯವರಿಗೆ ದಿನಾ ಗಂಟೆ ಹೊಡೆದ ಕೂಡಲೇ ಊರಿನ ಬಸ್ಸು ಹಿಡಿಯಬೇಕು. ಕೆಲಸ ಮಾಡುವ ಯಂತ್ರವಿರುವಾಗ ತಾವು ಯಾಕೆ ಕೂರಬೇಕೆಂದು ಅವರು ಮೊದಲೇ ಕೇಳಿಯಾಗಿತ್ತು.

ಆ ದಿನ ಬಂತು. ಗಂಟೆಗೆ ಮುಂಚೆ ಮಕ್ಕಳು ಒಬ್ಬೊಬ್ಬರಾಗಿ ಹಾಳೆಗಳನ್ನು ದೀಪದ ಮುಂದೆ ಜೋಡಿಸಿ ಇಟ್ಟರು. ಹಸಿರು, ಹಸಿರು, ನೀಲಿ, ಹಸಿರು. ಗುರುಪಾದನದು ಕೂಡ ಹಸಿರು. ಬನಶ್ರೀ ತನ್ನದನ್ನು ಇಟ್ಟಳು. ಮಳೆಯ ದಿನವೂ ಇತ್ತು, ಕೊನೆಯಲ್ಲಿ ಪ್ರಶ್ನೆಯೂ ಇತ್ತು. ದೀಪ ಕೆಂಪಗಾಯಿತು. ನಡುಗಿತು. ಆರಿಹೋಯಿತು.

"ಕರೆಂಟ್ ಹೋತು," ಯಾರೋ ಅಂದರು.

ಎಲ್ಲರೂ ಮೇಲೆ ನೋಡಿದರು. ಫ್ಯಾನು ತಿರುಗುತ್ತಲೇ ಇತ್ತು.

"ಅಕ್ಕೋರ, ಬನಶ್ರೀದು ದೀಪ ಸುಟ್ಟಹೋಗೈತ್ರಿ," ಗುರುಪಾದ ಎದ್ದು ನಿಂತ. "ಆಕೀ ಬರದಿದ್ದು ಓದಿ ಸತ್ತಹೋತ ನೋಡ್ರಿ."

ಈ ಸಲ ಯಾರೂ ನಗಲಿಲ್ಲ. ಬಣ್ಣವಿಲ್ಲದ ದೀಪವನ್ನು ಅವರು ಇದುವರೆಗೆ ನೋಡಿರಲಿಲ್ಲ. ಬನಶ್ರೀ ಬೆರಳಿನಿಂದ ಅದನ್ನು ಮೆಲ್ಲಗೆ ತಟ್ಟಿದಳು. ಕೆಂಪನ್ನು ಅಷ್ಟು ದಿನ ತಾಳಿಕೊಂಡವಳಿಗೆ ಈಗ ಕಣ್ಣು ತುಂಬಿ ಬಂತು.

"ಕೆಟ್ಟತೇನ್ರಿ ಅಕ್ಕೋರ? ನಾ ಕೆಡಿಸಿದ್ನೇನ್ರಿ?"

"ಇಲ್ಲ. ಅದಕ್ಕ ತಿಳೀವಲ್ದು, ನಮ್ಮನ್ನ ಕರಿಯಾಕತ್ತೈತಿ. ನೀ ಇಲ್ಲೇ ಇರು, ಮನಿಗೆ ಹೋಗಬ್ಯಾಡ."

ಹಾಳೆ ಹಿಡಿದುಕೊಂಡು ಆಕೆ ಓಡಿದ್ದು ಗೇಟಿನ ಕಡೆಗೆ. ಜಂಬಗಿ ಸರ್ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದರು.

"ಸರ್, ಒಂದ ಕಪ್ ಚಹಾ ಕುಡದ ಹೋಗ್ರಿ."

"ಬಸ್ ಐತಿ ಮೇಡಂ."

"ಮುಂದಿನ ಬಸ್ಸೂ ಐತಿ."

"ಅದು ನಿಂತ ಹೋಗೂ ಬಸ್ರಿ. ಎಲ್ಲಾ ಹಳ್ಯಾಗೂ ನಿಲ್ಲತೈತಿ."

"ಸರ್, ಇದೊಂದು ಹಾಳಿ ಓದ್ರಿ. ಓದಿ, ಇದು ಕೆಂಪು ಅಂತ ನಿಮಗನಿಸಿದ್ರ ಹಂಗ ಹೋಗಿಬಿಡ್ರಿ, ನಾ ತಡಿಯೂದಿಲ್ಲ."

ಜಂಬಗಿಯವರು ನಿಂತಲ್ಲೇ, ಚೀಲ ಇಳಿಸದೆ, ಓದಿದರು. ಬಸ್ಸು ಹಾರ್ನ್ ಹೊಡೆಯಿತು. ಅವರು ಹಾಳೆ ತಿರುವಿದರು. ಮತ್ತೆ ಹಾರ್ನ್. ಇನ್ನೊಂದು ಹಾಳೆ ತಿರುವಿ, ಓದುತ್ತಲೇ ಸ್ಟಾಫ್ ರೂಮಿನ ಕಡೆ ನಡೆದರು.

ಅಂಗಡಿಯವರನ್ನು ಕರೆತಂದದ್ದಾಯಿತು, ಚಹಾ ಬಂತು. ದಾಕ್ಷಾಯಣಿ ಗಟ್ಟಿಯಾಗಿ ಓದಿದಳು. ಬನಶ್ರೀಯ ಹಾಳೆಯನ್ನು ಆಕೆ ಮೊದಲಿನಿಂದ ಕೊನೆಯವರೆಗೆ ಓದಿದ್ದು ಅದೇ ಮೊದಲು. ಗೋಡೆಯ ಗೀಟು, ಒದ್ದೆ ಗೋಣಿತಾಟಿನ ವಾಸನೆ, ನೂಲು ಹರಿದಾಗ ಅವ್ವ ಗೊಣಗುವುದು ಎಲ್ಲ ಅದರಲ್ಲಿತ್ತು.

"ಹಸಿರು," ಎಂದರು ಜಂಬಗಿ. "ತನ್ನ ಊಹೆ ಸುಳ್ಳಾತು ಅಂತ ಬರಿಯೂ ಧೈರ್ಯ ನನ್ನ ಕ್ಲಾಸಿನಾಗ ಒಬ್ಬರಿಗೂ ಇಲ್ಲ."

"ತೀರ್ಮಾನ ಇಲ್ಲಲ್ರಿ ಜಂಬಗಿ," ಅಂಗಡಿಯವರು ತಲೆಯಾಡಿಸಿದರು. "ಹಳದಿ. ಅದೂ ಪಾಪ ಅಂತ."

"ಪಾಪ ಅಂತ ಬಣ್ಣ ಕೊಡಾಕ ಇದೇನು ಭಿಕ್ಷಾ ಏನ್ರಿ?"

"ಮತ್ತ ಧೈರ್ಯಕ್ಕ ಬಣ್ಣ ಕೊಡಾಕ ಇದೇನು ಕುಸ್ತಿ ಏನು? ರೂಬ್ರಿಕ್‌ನಾಗ ಧೈರ್ಯ ಅಂತ ಎಲ್ಲೈತಿ ತೋರಸ್ರಿ."

ಕಪ್ಪು-ಬಸಿ ಕೆಳಗಿಟ್ಟದ್ದಾಯಿತು. ಜಂಬಗಿ ಎದ್ದು ನಿಂತರು. ದಾಕ್ಷಾಯಣಿ ಮಾತ್ರ ಇಬ್ಬರ ನಡುವೆ ಕೂತು ಮಳೆಯ ದಿನದ ಹಾಳೆಯನ್ನೇ ನೋಡುತ್ತಿದ್ದಳು. ಇಡೀ ಮಧ್ಯಾಹ್ನ ಲೈನ್ ಹೋಗೂದು, ಬರೂದು. ಗಂಡನ ಮಾತು ಈಗ ಪೂರ್ತಿಯಾಗಿ ಕಿವಿಗೆ ಬಿತ್ತು.

"ಹಸಿರಲ್ಲ," ಎಂದಳು.

ಇಬ್ಬರೂ ಆಕೆಯತ್ತ ತಿರುಗಿದರು. ಇಷ್ಟೆಲ್ಲ ಓಡಾಡಿದವಳು ಈಕೆಯೇ ಅಲ್ಲವೇ?

"ಆಕೀನ್ನ ಒಳಗ ಕರೀರಿ."

ಬನಶ್ರೀ ಬಂದು ಬಾಗಿಲಿಗೆ ಆತು ನಿಂತಳು. ಚುನ್ನಿಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಬನಶ್ರೀ, ಮಗ್ಗ ನಿಂತಾಗೆಲ್ಲ ಒಂದ ಗೀಟ ಎಳದೀ. ಹೆಂಗ ನಿಂತವು ಅಂತ ಬರದಿಲ್ಲ."

"ಹೆಂಗಂದ್ರ ರಿ?"

"ಒಂದೊಂದ ನಿಂತವೋ, ಓಣೀದೆಲ್ಲ ಒಮ್ಮೆಲೇ ನಿಂತವೋ?"

ಹುಡುಗಿಯ ಬೆರಳು ನಿಂತಿತು.

"ನೂಲು ಹರದ್ರ ಒಂದ ಮಗ್ಗ ನಿಲ್ಲತೈತಿ," ದಾಕ್ಷಾಯಣಿ ಹೇಳಿದಳು. "ಕರೆಂಟ್ ಹೋದ್ರ ಎಲ್ಲಾ ನಿಲ್ಲತಾವು. ನಿನ್ನ ಗೋಡೀ ಮ್ಯಾಲ ಎರಡಕ್ಕೂ ಒಂದ ಗೀಟು. ಆ ಮಳಿ ದಿನ ಲೈನ್ ಹೋಗಿ ಬಂದು ಮಾಡಿತ್ತು ಅಂತ ನನಗ ಗೊತ್ತೈತಿ. ಆದ್ರ ಅದಕ್ಕ ನಿಂತವು ಅಂತ ನಾ ಹೇಳಾಕ ಬರೂದಿಲ್ಲ. ನೀನೂ ಹೇಳಾಕ ಬರೂದಿಲ್ಲ. ನಿನ್ನ ಪುರಾವೆದಾಗ ತೂತೈತಿ."

ಜಂಬಗಿ ಸರ್ ಮೆಲ್ಲಗೆ ಕೂತರು. ಹುಡುಗಿಯ ಮುಖ ಬಾಡೀತೆಂದು ಅಂಗಡಿಯವರು ಬೇರೆ ಕಡೆ ನೋಡಿದರು. ಬನಶ್ರೀಯ ಮುಖ ಬಾಡಲಿಲ್ಲ. ಕಣ್ಣು ಅಗಲ ಮಾಡಿ ಟೀಚರನ್ನೇ ನೋಡುತ್ತಿದ್ದಳು.

"ಪೂರಾ ಓದಿದ್ರೇನ್ರಿ ಅಕ್ಕೋರ?"

"ಪೂರಾ ಓದಿದೆ."

"ಗೋಡೀದೂ ಓದಿದ್ರಿ?"

"ಗೋಡೀದೂ ಓದಿದೆ, ನಿಮ್ಮವ್ವ ಗೊಣಗಿದ್ದೂ ಓದಿದೆ."

"ನಾ ಅದನ್ನ ಯೋಚನೇನ ಮಾಡಿಲ್ರಿ," ಹುಡುಗಿ ತನಗೆ ತಾನೇ ಅನ್ನುವಂತೆ ಅಂದಳು. "ಎರಡ ಥರ ಗೀಟ ಎಳೀಬೇಕಾಗಿತ್ತು."

"ಹಂಗಾರ ನಿಮ್ಮದು ಯಾವ ಬಣ್ಣ ಮೇಡಂ?" ಅಂಗಡಿಯವರು ಕೇಳಿದರು. "ನಂದು ಹಳದಿ, ಇವರದು ಹಸಿರು."

"ನಂದು ನೀಲಿ. ಒಂದ ಮೆಟ್ಟಲಾ ಸೈತ ಮ್ಯಾಲಿಲ್ಲ, ಕೆಳಗಿಲ್ಲ."

"ನಾ ಹಸಿರು ಬಿಡೂದಿಲ್ಲ," ಎಂದರು ಜಂಬಗಿ. "ನಾನೂ ಹಳದಿ ಬಿಡೂದಿಲ್ಲ," ಎಂದರು ಅಂಗಡಿ.

"ಒಮ್ಮತ ಇಲ್ಲ," ದಾಕ್ಷಾಯಣಿ ಹಾಳೆಗಳನ್ನು ಮಡಚಿ, ಚಹಾದ ತಟ್ಟೆಯ ಪಕ್ಕ ಇಟ್ಟು, ಹುಡುಗಿಯತ್ತ ತಿರುಗಿದಳು. "ನಿನಗ ಬಣ್ಣ ಇಲ್ಲ ಬನಶ್ರೀ."

"ಹಂಗಾರ ನಾ ಆ ಶಾಲಿಗೆ ಹೋಗಬೇಕೇನ್ರಿ?"

"ಎಲ್ಲೂ ಹೋಗಬ್ಯಾಡ. ಇಲ್ಲೇ ಕೂಡು. ಮತ್ತೊಮ್ಮೆ ಗೀಟ ಎಳಕೊಂಡ ಬಾ, ಮತ್ತ ಜಗಳಾಡೂಣು."

ದಾಕ್ಷಾಯಣಿಗೆ ತನ್ನ ಮೇಜಿನ ದೀಪದ ನೆನಪಾಯಿತು. ಒರೆಗಲ್ಲಿನ ಕೆಂಪಿಗೆ ಹೂಂ ಅನ್ನದ್ದಕ್ಕೆ ಇಷ್ಟು ಹೊತ್ತಿಗೆ ಅದು ಹಸಿರಿನಿಂದ ಇಳಿದಿರುತ್ತದೆ. ಹೋಗಿ ನೋಡಬೇಕೆಂದು ಕಾಲು ತುಡಿಯಿತು. ಆಕೆ ಹೋಗಲಿಲ್ಲ. ತಣ್ಣಗಾದ ಚಹಾಕ್ಕೆ ಕೈ ಚಾಚಿದಳು.

ಆಗ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಎದುರಿನ ಓಣಿಯ ಖಟಖಟ ಒಂದೇ ಏಟಿಗೆ ಅಡಗಿತು. ಇಡೀ ಓಣಿ ಉಸಿರು ಹಿಡಿದಂತಾಯಿತು.

ಬನಶ್ರೀ ಬೆರಳೆತ್ತಿ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದಳು. ಹೆಡ್‌ಮಾಸ್ತರರಿಗೆ ಕೂಡ. ಅವರೂ ಕಪ್ಪು ಹಿಡಿದುಕೊಂಡು ಹಾಗೆಯೇ ಕೂತರು. ಸ್ವಲ್ಪ ಹೊತ್ತಿನಲ್ಲಿ ಫ್ಯಾನು ತಿರುಗಿತು. ಒಂದು ಮಗ್ಗ ಶುರುವಾಯಿತು, ಇನ್ನೊಂದು, ಮತ್ತೊಂದು. ಎಲ್ಲೋ ಕೊನೆಯಲ್ಲಿ ಒಂದು ಶುರುವಾಗಿ, ಎರಡು ಏಟು ಹಾಕಿ, ಮತ್ತೆ ನಿಂತಿತು.

"ಅದೊಂದ ನೂಲ ಹರದಿದ್ದು," ಎಂದಳು ಬನಶ್ರೀ. ಅವಳಾಗಲೇ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು.